ಇನ್ನ ಅದನ್ನ ಇಟಗೊಂಡು ಏನ್ ಮಾಡ್ಲಿ?

ಮಂಗಳವಾರ ಸಂಜೆ ರೊಟ್ಟಿ ತರಲು ಹೋಗಿದ್ದೆ. ಧಾರವಾಡದ ಕೆಲಗೇರಿ ಕಡೆ ಎರಡು ಕೋಣೆಯ ಮನೆ, ಮುಂದಿನ ಕೋಣೆಯಲ್ಲೇ ಒಲೆ. ನಾಲ್ಕು ವರ್ಷದಿಂದ ನಮ್ಮ ಮನೆಗೆ ವಾರಕ್ಕೆ ಮೂರು ಸಲ ಹದಿನೈದು ರೊಟ್ಟಿ ಅಲ್ಲಿಂದಲೇ. ಅವಳ ಹೆಸರು ಇಲ್ಲಿ ಬೇಡ. ವಯಸ್ಸು 33.

"ಬರೋ ಸೋಮವಾರದಿಂದ ಎರಡು ತಿಂಗಳು ರೊಟ್ಟಿ ಇಲ್ರೀ ಅಕ್ಕಾರ," ಅಂದಳು. "ಚೀಲ ತೆಗಿಸಾಕ ಹೊಂಟೇನಿ."

ನಮ್ಮ ಕಡೆ ಗರ್ಭಕೋಶಕ್ಕೆ ಚೀಲ ಅಂತಲೇ ಅನ್ನೋದು. ಸಂತೆಯ ಚೀಲಕ್ಕೂ ಅದೇ ಮಾತು, ಇದಕ್ಕೂ ಅದೇ ಮಾತು.

"ಯಾಕವಾ, ಏನಾಗೈತಿ?"

"ತಿಂಗಳಿಗೆ ಹತ್ತು ಹನ್ನೊಂದು ದಿನ ಹೋಗತೈತ್ರೀ. ಎದ್ದು ನಿಂತ್ರ ಕಣ್ಣಿಗೆ ಕತ್ತಲಿ. ಎರಡ ಮಕ್ಕಳಾದ್ವಲ್ರೀ, ಇನ್ನ ಅದನ್ನ ಇಟಗೊಂಡು ಏನ್ ಮಾಡ್ಲಿ?"

ಇಷ್ಟು ಹೇಳುವಾಗ ಅವಳ ಕೈ ಒಂದು ಗಳಿಗೆ ನಿಲ್ಲಲಿಲ್ಲ. ಬಡಿದ ರೊಟ್ಟಿಯನ್ನು ಎರಡೂ ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕಿದಳು. ಒದ್ದೆ ಅರಿವೆಯಿಂದ ಮೇಲೆ ನೀರು ಸವರಿದಳು. ತಿರುವಿ ಹಾಕಿದಳು. ಕೊನೆಯ ರೊಟ್ಟಿ ಆದ ಮೇಲೆ ಕೈ ತೊಳೆದು ನನಗೆ ಚಿಲ್ಲರೆ ಕೊಟ್ಟಳು. ಹಿಟ್ಟು ತೊಳೆದು ಹೋಗಿತ್ತು, ಆದರೆ ಅಂಗೈ ಹಾಗೇ ಬೆಳ್ಳಗಿತ್ತು. ಉಗುರಿನ ಬುಡವೂ ಬೆಳ್ಳಗೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಅಂದರೆ ಅವಳು ಈ ಮಾತು ನನಗೆ ಮೊದಲೂ ಹೇಳಿದ್ದಳು. ದೀಪಾವಳಿ ಹೊತ್ತಿಗೆ, "ಭಾಳ ಹೋಗತೈತ್ರೀ ಅಕ್ಕಾರ, ಏನರ ಮನಿಮದ್ದು ಹೇಳ್ರಿ" ಅಂದಿದ್ದಳು. ನನಗೆ ಮನೆಮದ್ದಿನಲ್ಲಿ ನಂಬಿಕೆ ಇದೆ, ಇವತ್ತಿಗೂ ಇದೆ. ಅಶೋಕದ ಚಕ್ಕೆ ಕಷಾಯ ಮಾಡಿಕೊಂಡು ಕುಡಿ ಅಂತ ಹೇಳಿ ರೊಟ್ಟಿ ಚೀಲ ಹಿಡಿದು ಬಂದುಬಿಟ್ಟೆ. ಎಷ್ಟು ದಿನ ಹೋಗುತ್ತೆ, ದಿನಕ್ಕೆ ಎಷ್ಟು ಬಟ್ಟೆ ಬದಲಿಸುತ್ತೀ, ಏನು ಉಣ್ಣುತ್ತೀ, ಒಂದನ್ನೂ ಕೇಳಲಿಲ್ಲ. ಅವಳು ಕುಡಿದದ್ದು ಯಾವ ಚಕ್ಕೆ ಅಂತ ಈ ವಾರ ಗೊತ್ತಾಯಿತು. ನಮ್ಮೂರಿನ ಕಂಪೌಂಡುಗಳ ಸಾಲಿಗೆ ಎತ್ತರಕ್ಕೆ ನೆಟ್ಟಗೆ ನಿಂತಿರುತ್ತದಲ್ಲ, ಆ ಕಂಬದ ಅಶೋಕ. ಅದು ಬೇರೆಯದೇ ಗಿಡ. ಆಯುರ್ವೇದದಲ್ಲಿ ಹೇಳುವ ಅಶೋಕ ಕಿತ್ತಳೆ-ಕೆಂಪು ಹೂವಿನ ಗೊಂಚಲು ಬಿಡುವ ಸೀತಾಶೋಕ. ಚಕ್ಕೆಗಾಗಿ ಸುಲಿದು ಸುಲಿದು ಘಟ್ಟದ ಕಾಡಿನಲ್ಲೇ ಅದು ಕಡಿಮೆಯಾಗಿದೆ, ಅಂಗಡಿಗಳಲ್ಲಿ ಅದರ ಹೆಸರಿನಲ್ಲಿ ಬೇರೆ ತೊಗಟೆ ಮಾರುವುದೂ ಹಳೆಯ ಕಥೆ. ಆರು ತಿಂಗಳು ಅವಳು ನನ್ನ ಮಾತು ನಂಬಿ ಆ ನೀರು ಕುಡಿದಳು.

ಬುಧವಾರ ಅವಳ ಮನೆಗೆ ಮತ್ತೆ ಹೋದೆ. ಅತ್ತೆಯವರಿಗೆ ನಾನು ಬಂದದ್ದು ಸೇರಲಿಲ್ಲ. "ನಂದೂ ಮೂವತ್ತೈದಕ್ಕ ತೆಗಿಸ್ಯಾರ. ಸವಣೂರಾಗ ಇಕಿ ಅಕ್ಕಂದೂ ಆಗೈತಿ. ಏನಾಗೈತಿ ನಮಗ?" ಅಂದರು. ಆದರೆ ಅವರೇ ಗೋಡೆ ಹಿಡಿದು ಎದ್ದರು, ಸೊಂಟಕ್ಕೆ ಕೈ ಇಟ್ಟುಕೊಂಡೇ ಒಳಗೆ ಹೋದರು. ಅವರು ಕೆಟ್ಟವರಲ್ಲ. ತಮಗೆ ಯಾರೂ ಬೇರೆ ದಾರಿ ಹೇಳಲಿಲ್ಲ, ಹಾಗಾಗಿ ಸೊಸೆಗೂ ಅದೇ ದಾರಿ ತೋರಿಸುತ್ತಿದ್ದಾರೆ. ಗಂಡ ಟೆಂಪೊ ಓಡಿಸುತ್ತಾನೆ. ಆಪರೇಷನ್ನಿಗೆ ಬೋರಮಾಳ ಅಡವಿಟ್ಟಾಗಿತ್ತು. ಸ್ಕ್ಯಾನಿಂಗ್ ಮಾಡಿದ ಡಾಕ್ಟರು ಹತ್ತೇ ನಿಮಿಷದಲ್ಲಿ "ಚೀಲ ಊದಿದೆ, ಬಿಟ್ಟರೆ ಕ್ಯಾನ್ಸರ್ ಆಗಬಹುದು" ಅಂದರಂತೆ. ಅಷ್ಟು ಕೇಳಿದ ಮೇಲೆ ಯಾವ ಗಂಡ ತಡೆಯುತ್ತಾನೆ? ನನಗೆ ಸಿಟ್ಟು ಇರುವುದು ಆ ಹತ್ತು ನಿಮಿಷದ ಮೇಲೆ.

ಇನ್ನೊಬ್ಬರಿಗೆ ತೋರಿಸೋಣ, ಆಮೇಲೆ ನಿಮ್ಮ ಇಷ್ಟ ಅಂತ ಒಪ್ಪಿಸಿ, ಗುರುವಾರ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಸರ್ಕಾರಿ ಆಸ್ಪತ್ರೆ, ದೊಡ್ಡ ಸರದಿ. ಒಳಗಿದ್ದ ಡಾಕ್ಟರಮ್ಮ ಸ್ಕ್ಯಾನಿಂಗ್ ಚೀಟಿ ಆಮೇಲೆ ನೋಡಿದರು, ಮೊದಲು ಪ್ರಶ್ನೆ ಕೇಳಿದರು.

"ಹಿಂದಿನ ಸಲ ಯಾವಾಗ ಮುಟ್ಟಾಗಿದ್ದೆವಾ?"

ಅವಳಿಗೆ ಹೇಳಲು ಬರಲಿಲ್ಲ. ಯಾವ ಮನೆಗೆ ಎಷ್ಟು ರೊಟ್ಟಿ, ಯಾರ ಬಾಕಿ ಎಷ್ಟು, ಗ್ಯಾಸ್ ಸಿಲಿಂಡರ್ ಯಾವತ್ತು ಬಂತು, ಎಲ್ಲ ಬಾಯಲ್ಲೇ ಇರುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಬರೆದೂ ಇರುತ್ತಾಳೆ. ತನ್ನ ದಿನ ಮಾತ್ರ ಗೊತ್ತಿಲ್ಲ.

"ಚಹಾ ದಿನಕ್ಕ ಎಷ್ಟು ಸಲ?"

"ಐದಾರ್ರೀ. ಒಲಿ ಮುಂದ ಕುಂತ್ರ ಊಟದ ಖಬರ ಇರಂಗಿಲ್ರೀ."

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.2 ಬಂತು. ಹೆಂಗಸರಿಗೆ 12 ಇರಬೇಕು, 8ಕ್ಕಿಂತ ಕೆಳಗಿಳಿದರೆ ಅದು ತೀವ್ರ ರಕ್ತಹೀನತೆ. ಆ 7.2 ಇಟ್ಟುಕೊಂಡು ಅವಳು ದಿನಕ್ಕೆ ಇನ್ನೂರು ರೊಟ್ಟಿ ಬಡಿಯುತ್ತಿದ್ದಳು. ಗರ್ಭಕೋಶದಲ್ಲಿ ಒಂದು ಸಣ್ಣ ಗಂಟು ಇದೆ, ಅದರಿಂದ ಕ್ಯಾನ್ಸರಿನ ಭಯ ಕಾಣುವುದಿಲ್ಲ ಅಂದರು. ಥೈರಾಯ್ಡ್ ಪರೀಕ್ಷೆಗೆ ಬರೆದರು. ಥೈರಾಯ್ಡ್ ಕಡಿಮೆಯಾದರೂ ಹೀಗೆ ಜಾಸ್ತಿ ಹೋಗುತ್ತದಂತೆ. ಹೋಗುವ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಮಾತ್ರೆ ಕೊಟ್ಟರು, ಕಬ್ಬಿಣಾಂಶವನ್ನು ಸಲೈನಿನಲ್ಲಿ ಏರಿಸಬೇಕು ಅಂದರು. ಇದಕ್ಕೂ ಬಗ್ಗದಿದ್ದರೆ ಗರ್ಭಕೋಶದ ಒಳಗೆ ಇಡುವ, ಕಾಪರ್-ಟಿ ಥರದ ಹಾರ್ಮೋನ್ ಸಾಧನವೂ ಇದೆ. ತೆಗೆಸುವುದು ಎಲ್ಲದಕ್ಕಿಂತ ಕೊನೆಗೆ.

ನಾನು ತಡೆಯಲಾರದೆ ಕೇಳಿದೆ, "ಅಳ್ವಿ, ಸಜ್ಜಿ ರೊಟ್ಟಿ, ಎಳ್ಳು ಬೆಲ್ಲ ತಿಂದ್ರ ಆಗೂದಿಲ್ರೀ ಮೇಡಮ್?"

"ತಿನ್ನಲಿ, ಅದು ಬೇಕ ಬೇಕು. ಆದ್ರ ತೂತು ಬಿದ್ದ ಕೊಡಕ್ಕ ನೀರು ಹಾಕಿದಂಗ ಆಗತೈತಿ. ಮೊದಲ ತೂತು ಯಾಕ ಬಿತ್ತು ನೋಡೂಣು."

ಅಂದ ಮೇಲೆ ಊಟದ ಮಾತೂ ಅವರೇ ಆಡಿದರು. ಊಟಕ್ಕೆ ಹಿಂದೆ ಮುಂದೆ ಒಂದು ಗಂಟೆ ಚಹಾ ಬೇಡ, ಪಲ್ಲೆ-ಕಾಳಿನಲ್ಲಿರೋ ಕಬ್ಬಿಣ ಮೈಗೆ ಹತ್ತದಂತೆ ಅದು ಮಾಡುತ್ತದೆ. ಕಾಳಿಗೆ, ಪಲ್ಲೆಗೆ ಲಿಂಬೆ ಹಿಂಡಿಕೋ. ನನ್ನ ಅಜ್ಜಿ ಮಡಿಕೆ ಕಾಳಿನ ಉಸುಳಿಗೆ ಲಿಂಬೆ ಹಿಂಡದೆ ಯಾವತ್ತೂ ಬಡಿಸಿದ್ದಿಲ್ಲ.

ಅಜ್ಜಿ ನೆನಪಾದದ್ದಕ್ಕೇ ಇಷ್ಟು ಬರೆಯುತ್ತಿದ್ದೇನೆ ಅನಿಸುತ್ತದೆ. ನಾನು ದೊಡ್ಡಾಕಿ ಆದಾಗ ಗದುಗಿನ ಮನೆಯಲ್ಲಿ ದಿನಾ ಕೊಬ್ಬರಿ, ಬೆಲ್ಲ, ಎಳ್ಳು ಕೊಟ್ಟರು. ಬಾಣಂತಿ ಆದಾಗ ಅಂಟಿನ ಉಂಡಿ, ಅಳ್ವಿ ಪಾಯಸ. ಜೊತೆಗೆ ಎಣ್ಣೆ ಹಚ್ಚಿ ಬಿಸಿನೀರು, ಕಿವಿಗೆ ಅರಿವೆ ಕಟ್ಟಿ ಮಲಗಿಸುವುದು. ಏಳು ಅಂತ ಯಾರೂ ಅನ್ನುತ್ತಿರಲಿಲ್ಲ. ಅಂಟಿನ ಉಂಡಿ ಈಗ ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ಮಲಗಿಸುವುದನ್ನು ಯಾರು ಮಾರುತ್ತಾರೆ? ಅದೂ ಆ ಆರೈಕೆ ಹೆಣ್ಣಿನ ಬದುಕಿನಲ್ಲಿ ಬರುತ್ತಿದ್ದದ್ದು ಎರಡೇ ಹೊತ್ತಿಗೆ. ದೊಡ್ಡಾಕಿ ಆದಾಗ, ಹಡೆದಾಗ. ಮಕ್ಕಳಾಗುವುದು ಮುಗಿಯಿತು ಅಂದರೆ ಉಂಡಿಯೂ ಮುಗಿಯಿತು. ಅಲ್ಲಿಂದ ಮುಟ್ಟು ನಿಲ್ಲುವವರೆಗಿನ ಹತ್ತಿಪ್ಪತ್ತು ವರ್ಷ ಅವಳ ಮೈ ಯಾರದ್ದೂ ಅಲ್ಲ. "ಇನ್ನ ಅದನ್ನ ಇಟಗೊಂಡು ಏನ್ ಮಾಡ್ಲಿ" ಅನ್ನುವ ಮಾತು ಅವಳ ಬಾಯಿಗೆ ಸುಮ್ಮನೆ ಬಂದದ್ದಲ್ಲ. ನಾವೇ ಕಲಿಸಿದ್ದು.

ಇದು ಒಬ್ಬಳ ಕಥೆಯೂ ಅಲ್ಲ. ರಾಣೆಬೆನ್ನೂರು ತಾಲೂಕಿನ ತಾಂಡಾಗಳ ಹೆಣ್ಣುಮಕ್ಕಳು ಹೀಗೇ ಬೇಡವಾದ ಆಪರೇಷನ್ ಆಗಿ, ನ್ಯಾಯ ಕೇಳಿ ವರ್ಷಗಟ್ಟಲೆ ಓಡಾಡಿದ್ದು ನಮಗೆಲ್ಲ ಗೊತ್ತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರ ಮಾಡಿದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಅಂತ ರಾಜ್ಯಗಳಿಗೆ ಹೇಳಿತು. ನಿಜವಾಗಿ ಬೇಕಾದವರಿಗೆ ಈ ಆಪರೇಷನ್ ಜೀವ ಉಳಿಸುತ್ತದೆ, ನನ್ನ ಚಿಕ್ಕಮ್ಮನಿಗೆ ಉಳಿಸಿದೆ. ಆದರೆ ಅಂಡಾಶಯವನ್ನೂ ಕೂಡಿಸಿ ತೆಗೆದರೆ ಮುಟ್ಟು ನಿಲ್ಲುವಾಗಿನ ತ್ರಾಸೆಲ್ಲ ಮೂವತ್ತಕ್ಕೇ ಒಮ್ಮೆಲೆ ಬರುತ್ತದೆ, ಮೂಳೆ ಬೇಗ ಸವೆಯುತ್ತದೆ. ಅತ್ತೆಯವರ ಸೊಂಟ ನೋವಿಗೆ ಅದೇ ಕಾರಣವೋ ಏನೋ, ನಾನು ಕೇಳಲಿಲ್ಲ. ಕೇಳಬೇಕು.

ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡಿದಳು. ನವಲೂರು ದಾಟುವಾಗ ಎಚ್ಚರಾಗಿ, "ಅಕ್ಕಾರ, ಆ ಕಷಾಯ ಬಿಡ್ಲ್ಯಾ?" ಅಂದಳು. ಬಿಡು, ಕೇಳದೆ ಹೇಳಿದ್ದು ನನ್ನ ತಪ್ಪು ಅಂದೆ. "ನೀವರ ಹೇಳಿದ್ರಿ, ಮತ್ಯಾರೂ ಏನೂ ಹೇಳಿರ್ಲಿಲ್ರೀ" ಅಂದಳು. ಅದಕ್ಕೆ ಏನು ಹೇಳಬೇಕು ಅಂತ ನನಗೆ ತಿಳಿಯಲಿಲ್ಲ.

ಅವಳು ಆಪರೇಷನ್ ಬಿಟ್ಟಳೋ ಇಲ್ಲವೋ ಇನ್ನೂ ಗೊತ್ತಿಲ್ಲ. ಸೋಮವಾರದ ತಾರೀಖನ್ನು ಮುಂದೆ ಹಾಕಿದ್ದಾರೆ, ಅಷ್ಟೇ. ಕಟ್ಟಿದ ಮುಂಗಡ ಹೋಯಿತು ಅಂತ ಅತ್ತೆ ಗೊಣಗುತ್ತಿದ್ದಾರೆ. ಇವತ್ತು ಶನಿವಾರ ರೊಟ್ಟಿಗೆ ಹೋದಾಗ ಒಲೆ ಮುಂದೆ ಅವಳ ಗಂಡ ಕೂತಿದ್ದ, ರೊಟ್ಟಿ ತಿರುವಿ ಹಾಕುತ್ತಿದ್ದ. ಅವಳು ಬರೀ ಬಡಿಯುತ್ತಿದ್ದಳು. ಗೋಡೆಯ ಕ್ಯಾಲೆಂಡರಿನಲ್ಲಿ ನಮ್ಮ ಮನೆಯ 15ರ ಪಕ್ಕ ಕೆಂಪು ಪೆನ್ನಿನ ಒಂದು ಚುಕ್ಕೆ ಇತ್ತು.

"ಇವತ್ತ ಒಂಬತ್ತನೇ ದಿನಾರೀ ಅಕ್ಕಾರ," ಅಂದಳು. "ಕಡಿಮಿ ಆಗೈತಿ."