ಎಸರು ಹಾಕಿದ ಜೋಳದಿಂದ ಗೋಧಿಯಿಲ್ಲದ ವಾಫಲ್‌ವರೆಗೆ

ಫೆಬ್ರುವರಿ 2, ಭಾನುವಾರ

ಮಗಳಿಗೆ ಸೀಲಿಯಾಕ್ ಇದೆ ಎಂದು ಎಂಡೋಸ್ಕೋಪಿಯಲ್ಲಿ ಖಚಿತವಾದದ್ದು ನವೆಂಬರ್‌ನಲ್ಲಿ. ಗೋಧಿ, ಬಾರ್ಲಿ, ರೈ ಕಾಳುಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಅವಳ ಸಣ್ಣ ಕರುಳನ್ನು ಕೆಡಿಸುತ್ತದೆ. ಜೀವನಪೂರ್ತಿ ಅದನ್ನು ಬಿಡುವುದೇ ಇದಕ್ಕೆ ಚಿಕಿತ್ಸೆ. ಧಾರವಾಡದ ಮನೆಯಾದ್ದರಿಂದ ಊಟಕ್ಕೆ ಅಷ್ಟು ಕಷ್ಟವಾಗಲಿಲ್ಲ. ಜೋಳದ ರೊಟ್ಟಿ, ಅನ್ನ, ದೋಸೆ ಮೊದಲಿನಿಂದಲೂ ಇದ್ದವು. ಚಪಾತಿ, ರವೆ ಉಪ್ಪಿಟ್ಟು, ಶಾವಿಗೆ ಹೋದವು. ಡಬ್ಬಿಯ ಇಂಗೂ ಹೋಯಿತು, ಏಕೆಂದರೆ ಬಹಳಷ್ಟು ಇಂಗಿನ ಪುಡಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಭಾನುವಾರ ಬೆಳಗಿನ ಪ್ಯಾನ್‌ಕೇಕ್ ಮಾತ್ರ ಅವಳ ಮನಸ್ಸಿನಿಂದ ಹೋಗಲಿಲ್ಲ. ಏಪ್ರಿಲ್ 20ಕ್ಕೆ ಒಂಬತ್ತು ತುಂಬುತ್ತದೆ. ಅಂದು ಗೆಳತಿಯರಿಗೆಲ್ಲ ವಾಫಲ್ (ಗುಳಿಗಳ ಯಂತ್ರದಲ್ಲಿ ಬೇಯಿಸುವ ಗರಿಗರಿ ತಿಂಡಿ) ಕೊಡಬೇಕು, ತಾನೂ ಅದನ್ನೇ ತಿನ್ನಬೇಕು ಎಂದು ಕೇಳಿದ್ದಾಳೆ. ಅದಕ್ಕಾಗಿ ಈ ಟಿಪ್ಪಣಿ.

ಇಂದು ಮೊದಲು ಪ್ಯಾನ್‌ಕೇಕ್ ಮಾಡಿ ನೋಡಿದೆ, ಮೈದಾ ಇದ್ದ ಜಾಗಕ್ಕೆ ಅಷ್ಟೇ ತೂಕದ ಅಕ್ಕಿ ಹಿಟ್ಟು ಹಾಕಿದೆ. ನಮ್ಮ ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲ, ಹಾಗಾಗಿ ಮೊಸರು, ಬೇಕಿಂಗ್ ಪೌಡರ್ ಅಷ್ಟೇ. ಮಗುಚುವಾಗ ಮೂರು ಚೂರಾಯಿತು, ಬಾಯಲ್ಲಿ ಮರಳಿನಂತೆ ಸಿಕ್ಕಿತು. ಮಗಳು ಏನೂ ಹೇಳದೆ ತಿಂದಳು. ಅದು ನನಗೆ ಹೆಚ್ಚು ನೋವು ಕೊಟ್ಟಿತು.

ಫೆಬ್ರುವರಿ 9

ಹಿಟ್ಟು ಕಲಸಿ ಅರ್ಧ ಗಂಟೆ ಬಿಟ್ಟದ್ದರಿಂದ ಮರಳುತನ ಬಹುಪಾಲು ಹೋಯಿತು. ಅಕ್ಕಿ ಹಿಟ್ಟಿನ ಕಣ ನೀರು ಕುಡಿಯಲು ಸಮಯ ಬೇಡುತ್ತದೆ. ಅಂಟಿಗೆಂದು ಒಂದು ಚಮಚ ಇಸಬ್‌ಗೋಲ್ ಹಾಕಿದ್ದೆ. ಒಡೆಯಲಿಲ್ಲ, ಆದರೆ ಒಳಗೆ ಹಸಿಹಸಿಯಾಗಿ ಹಲ್ಲಿಗೆ ಮೆತ್ತಿಕೊಂಡಿತು. ಮುಂದಿನ ಸಲ ಅಗಸೆ ಪುಡಿ ನೋಡಬೇಕು.

ಫೆಬ್ರುವರಿ 16

ಅಗಸೆ ನೋಡಲಿಲ್ಲ, ಅದಕ್ಕಿಂತ ಒಳ್ಳೆಯದು ಸಿಕ್ಕಿತು.

ಅತ್ತೆಯವರು ಗದಗ ಕಡೆಯವರು, ಐವತ್ತು ವರ್ಷಗಳಿಂದ ರೊಟ್ಟಿ ಬಡಿದ ಕೈ. ನಾನು ತಣ್ಣನೆಯ ಹಾಲಿನಲ್ಲಿ ಜೋಳದ ಹಿಟ್ಟು ಕಲಸುವುದನ್ನು ಸ್ವಲ್ಪ ಹೊತ್ತು ನೋಡಿ ಕೇಳಿದರು: "ಎಸರು ಹಾಕದೆ ಜೋಳದ ಹಿಟ್ಟು ಕೂಡುತ್ತದೆಯೇ, ಅವ್ವಾ?"

ರೊಟ್ಟಿಗೆ ನಾವು ಕುದಿಯುವ ನೀರು ಹಾಕುವುದು ಏಕೆಂದು ನಾನು ಎಂದೂ ಯೋಚಿಸಿರಲಿಲ್ಲ. ಗೋಧಿ ಹಿಟ್ಟನ್ನು ನೀರು ಹಾಕಿ ನಾದಿದರೆ ಗ್ಲುಟೆನ್ ತಾನೇ ಬಲೆಯಾಗಿ ಹೆಣೆದುಕೊಳ್ಳುತ್ತದೆ. ಜೋಳಕ್ಕೆ ಆ ಬಲೆಯಿಲ್ಲ. ಕುದಿಯುವ ನೀರು ಬಿದ್ದಾಗ ಅದರ ಪಿಷ್ಟದ ಕಣಗಳು ನೀರು ಕುಡಿದು, ಉಬ್ಬಿ, ಗಂಜಿಯಂತಾಗುತ್ತವೆ. ಉಳಿದ ಹಿಟ್ಟನ್ನು ಆ ಗಂಜಿಯೇ ಹಿಡಿದಿಡುತ್ತದೆ. ಅಕ್ಕಿ ರೊಟ್ಟಿಗೆ ಹಿಟ್ಟು ಉಕ್ಕರಿಸುವುದೂ ಇದಕ್ಕೇ. ಮೈದಾ ಮಾಡುತ್ತಿದ್ದ ಕೆಲಸಕ್ಕೆ ನಾನು ಅಂಗಡಿಯಲ್ಲಿ ಬದಲಿ ಪುಡಿ ಹುಡುಕುತ್ತಿದ್ದೆ. ನಮ್ಮ ಒಲೆಯ ಮುಂದೆ ದಿನವೂ ಆ ಕೆಲಸ ನಡೆಯುತ್ತಲೇ ಇತ್ತು.

40 ಗ್ರಾಂ ಜೋಳದ ಹಿಟ್ಟಿಗೆ 120 ಮಿಲಿ ಕುದಿಯುವ ನೀರು ಹಾಕಿ, ಗಂಟಿಲ್ಲದಂತೆ ತಿರುವಿ, ಆರಿದ ಮೇಲೆ ಉಳಿದದ್ದನ್ನು ಬೆರೆಸಿದೆ. ಕಾವಲಿಯ ಮೇಲೆ ಒಂದೇ ಪೆಟ್ಟಿಗೆ ಮಗುಚಿತು, ಅಂಚು ಕೂಡ ಬಿರಿಯಲಿಲ್ಲ. ದಪ್ಪ ಮಾತ್ರ ಬರಲಿಲ್ಲ. ಮಗಳು ಎರಡನೆಯದನ್ನು ತಾನಾಗಿಯೇ ಕೇಳಿದಳು.

ಫೆಬ್ರುವರಿ 19

ಮಗಳಿಗೆ ಸೋಮವಾರದಿಂದ ಹೊಟ್ಟೆನೋವು, ಭೇದಿ. ಎಲ್ಲವನ್ನೂ ಒಂದೊಂದಾಗಿ ನೆನೆದು ನೋಡಿದಾಗ ಉಳಿದದ್ದು ಜೋಳದ ಹಿಟ್ಟು. ಈ ಸಲ ಅದನ್ನು ಹೊರಗಿನ ಗಿರಣಿಯಲ್ಲಿ ಬೀಸಿಸಿದ್ದೆವು. ಬೆಳಗಿನಿಂದ ಗೋಧಿ ಬೀಸಿದ ಕಲ್ಲಿನಲ್ಲೇ ನಮ್ಮ ಜೋಳವೂ ಬಿದ್ದಿದೆ. ನಮ್ಮ ದೇಶದ ನಿಯಮದಂತೆ ಗ್ಲುಟೆನ್ ಇಲ್ಲವೆಂದು ಮಾರುವ ಆಹಾರದಲ್ಲಿ ಅದು ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ಗಿರಣಿಯ ಕಲ್ಲಿಗೆ ಅಂಟಿದ ಹಿಡಿ ಹಿಟ್ಟು ಅದನ್ನು ಎಷ್ಟು ಪಾಲು ಮೀರುತ್ತದೆಂದು ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ ಎಂಬುದಷ್ಟೇ ಸಾಲದು. ಅದು ಹಾದು ಬಂದ ದಾರಿಯಲ್ಲೂ ಇರಬಾರದು.

ಪ್ರಯೋಗ ನಿಲ್ಲಿಸಿದ್ದೇನೆ.

ಮಾರ್ಚ್ 16

ಮಗಳು ಚೇತರಿಸಿಕೊಂಡಿದ್ದಾಳೆ. ಈ ನಡುವೆ ಚಪಾತಿಯ ತವೆ, ಲಟ್ಟಣಿಗೆ, ಹಳೆಯ ಜರಡಿ ಎಲ್ಲವನ್ನೂ ಬೇರೆ ಕಪಾಟಿಗೆ ಹಾಕಿದೆವು. ಜರಡಿಯ ಕಣ್ಣಿನಲ್ಲಿ ಕುಳಿತ ಹಿಟ್ಟು ತೊಳೆದರೂ ಹೋಗುವುದಿಲ್ಲ, ಆದ್ದರಿಂದ ಅವಳ ಅಡುಗೆಗೆ ಹೊಸದು ತಂದೆವು. ವಿಜಯಪುರ ಕಡೆಯ ಮಾಲ್ದಂಡಿ ಜೋಳ ತರಿಸಿ, ಆರಿಸಿ, ತೊಳೆದು, ಬಿಸಿಲಿಗೆ ಒಣಗಿಸಿ ಮಿಕ್ಸಿಯಲ್ಲೇ ಪುಡಿ ಮಾಡಿದೆ. ಎರಡು ಸಲ ಸೋಸಬೇಕಾಯಿತು. ಶ್ರಮದ ಕೆಲಸ ನಿಜ, ಆದರೆ ಅದರ ಫಲ ಕೂಡಲೇ ಕಂಡಿತು. ಹೊಸ ಹಿಟ್ಟಿಗೆ ಜಿಗಿ ಜಾಸ್ತಿ, ಹಳೆಯದಾದಂತೆ ಜಿಗಿ ಹೋಗಿ ರೊಟ್ಟಿ ಬಿರಿಯುತ್ತದೆ ಎಂದು ಅತ್ತೆಯವರು ಹೇಳುತ್ತಲೇ ಇರುತ್ತಾರೆ. ಪ್ಯಾನ್‌ಕೇಕಿಗೂ ಅದೇ ಮಾತು ಸಲ್ಲುತ್ತದೆ. ಈಗ ಒಂದು ವಾರಕ್ಕೆ ಬೇಕಾದಷ್ಟೇ ಪುಡಿ ಮಾಡುತ್ತೇನೆ.

ದಪ್ಪಕ್ಕೆ ಉದ್ದಿನ ಬೇಳೆಯ ಮೊರೆ ಹೋದೆ. 40 ಗ್ರಾಂ ಬೇಳೆಯನ್ನು ಮೂರು ಗಂಟೆ ನೆನೆಸಿ, ವಡೆಗೆ ರುಬ್ಬಿದಂತೆ ನುಣ್ಣಗೆ ರುಬ್ಬಿ, ಕೈಯಿಂದ ಚೆನ್ನಾಗಿ ಬಡಿದೆ. ಒಂದು ಹನಿ ನೀರಿಗೆ ಹಾಕಿದರೆ ತೇಲಬೇಕು. ಉದ್ದಿನ ಲೋಳೆ ಗಾಳಿಯನ್ನು ಬಿಡದೆ ಹಿಡಿಯುತ್ತದೆ. ಪ್ಯಾನ್‌ಕೇಕ್ ಎದ್ದು ನಿಂತಿತು, ಒಳಗೆ ಬ್ರೆಡ್ಡಿನಂತೆ ಸಣ್ಣ ಸಣ್ಣ ಕಣ್ಣು. ಮಗಳ ತೀರ್ಪು: "ಅಮ್ಮಾ, ಚೆನ್ನಾಗಿದೆ, ಆದರೆ ಇದು ದೋಸೆಯ ತಂಗಿ."

ಮಾರ್ಚ್ 23

ಅವಳ ಮಾತು ಸರಿ. ಉದ್ದನ್ನು 25 ಗ್ರಾಂಗೆ ಇಳಿಸಿ ಎರಡು ಏಲಕ್ಕಿ ಸೇರಿಸಿದೆ. ಉದ್ದಿನ ವಾಸನೆ ಹೋಯಿತು, ಎತ್ತರ ಉಳಿಯಿತು. ಮೇಲೆ ಸುರಿಯಲು ಶಿರಸಿಯ ಜೋನಿ ಬೆಲ್ಲ. ಬಿಸಿ ಪ್ಯಾನ್‌ಕೇಕ್, ಬೆಣ್ಣೆಯ ತುಂಡು, ಅದರ ಮೇಲೆ ಜೋನಿ ಬೆಲ್ಲ ಬಿದ್ದ ಮೇಲೆ ನನಗೆ ಬೇರೆ ಯಾವ ಪಾಕವೂ ಬೇಡವೆನಿಸಿತು. ಪ್ಯಾನ್‌ಕೇಕಿನ ಮಟ್ಟಿಗೆ ಅಳತೆ ನಿಂತಿದೆ, ಬರೆದಿಡುತ್ತೇನೆ.

ಅಕ್ಕಿ ಹಿಟ್ಟು 100 ಗ್ರಾಂ, ಜೋಳದ ಹಿಟ್ಟು 60 ಗ್ರಾಂ (ಅದರಲ್ಲಿ 40 ಗ್ರಾಂಗೆ 120 ಮಿಲಿ ಎಸರು), ಕಾರ್ನ್‌ಫ್ಲೋರ್ 40 ಗ್ರಾಂ, ರುಬ್ಬಿದ ಉದ್ದು, ಮೊಸರು 100 ಗ್ರಾಂ, ಕರಗಿಸಿದ ಬೆಣ್ಣೆ 25 ಗ್ರಾಂ, ಬೆಲ್ಲದ ಪುಡಿ 20 ಗ್ರಾಂ, ಚಿಟಿಕೆ ಉಪ್ಪು. ಇಡ್ಲಿ ಹಿಟ್ಟಿನ ಹದ ಬರುವಷ್ಟು ಹಾಲು. ಅರ್ಧ ಗಂಟೆ ನೆನೆಯಲಿ. ಎರಡು ಚಮಚ ಬೇಕಿಂಗ್ ಪೌಡರ್ ಕೊನೆಗೆ, ಕಾವಲಿ ಕಾದ ಮೇಲೆ. ಕೆಲವು ಬೇಕಿಂಗ್ ಪೌಡರಿನಲ್ಲಿ ಗೋಧಿ ಪಿಷ್ಟ ಇರುತ್ತದೆ, ಡಬ್ಬಿಯ ಹಿಂಬದಿ ಓದಿಯೇ ಕೊಳ್ಳಬೇಕು. ಉರಿ ಸಣ್ಣದಿರಲಿ, ಮುಚ್ಚಳ ಮುಚ್ಚಿ ಬೇಯಿಸಿದರೆ ಒಳಗೂ ಬೇಯುತ್ತದೆ.

ಮಾರ್ಚ್ 30

ವಾಫಲ್ ಯಂತ್ರ ಬಂತು. ನೆಂಟರ ಮನೆಯಲ್ಲಿ ಬಳಸದೆ ಇಟ್ಟದ್ದೊಂದಿತ್ತು. ಅದರ ಗುಳಿಗಳಲ್ಲಿ ಹಳೆಯ ಮೈದಾ ಇರಬಹುದೆಂದು ಬೇಡವೆಂದೆ, ಹೊಸದನ್ನೇ ತಂದೆವು.

ಪ್ಯಾನ್‌ಕೇಕಿನ ಹಿಟ್ಟನ್ನೇ ಹಾಕಿ ಮೂರು ನಿಮಿಷಕ್ಕೆ ಮುಚ್ಚಳ ಎತ್ತಿದೆ. ಅಡ್ಡಲಾಗಿ ಸೀಳಿ ಅರ್ಧ ಮೇಲಿನ ತಟ್ಟೆಗೆ, ಅರ್ಧ ಕೆಳಗಿನದಕ್ಕೆ ಅಂಟಿತು. ಬೆಲ್ಲ ಕರಿದಾಗಿ ಗುಳಿ ಗುಳಿಯಲ್ಲೂ ಕುಳಿತಿತ್ತು. ಬಿದಿರಿನ ಕಡ್ಡಿಯಿಂದ ಕೆರೆದು ತೆಗೆಯಲು ಒಂದು ಗಂಟೆ ಹಿಡಿಯಿತು.

ಏಪ್ರಿಲ್ 6

ಮೂರು ಬದಲಾವಣೆ ಮಾಡಿದೆ. ಬೆಣ್ಣೆ 60 ಗ್ರಾಂಗೆ ಏರಿತು. ಬೆಲ್ಲ ಪೂರ್ತಿ ಬಿಟ್ಟು ಒಂದು ಚಮಚ ಸಕ್ಕರೆ ಹಾಕಿದೆ, ಸಿಹಿ ಮೇಲಿನಿಂದ ಬರಲಿ. ಅಕ್ಕಿ ಹಿಟ್ಟು 80ಕ್ಕೆ ಇಳಿಸಿ ಕಾರ್ನ್‌ಫ್ಲೋರ್ 60ಕ್ಕೆ ಏರಿಸಿದೆ, ಗರಿಗರಿತನ ಅಲ್ಲಿಂದಲೇ ಬರುತ್ತದೆ. ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಹಬೆ. ಯಂತ್ರದ ಅಂಚಿನಿಂದ ಹಬೆ ಜೋರಾಗಿ ಬರುತ್ತಿರುವಾಗ ಮುಚ್ಚಳ ಮುಟ್ಟಬಾರದು. ಹಬೆ ತಾನಾಗಿಯೇ ಸಣ್ಣಗಾಗುವವರೆಗೆ ಕಾದರೆ ವಾಫಲ್ ತಟ್ಟೆಯನ್ನು ತಾನೇ ಬಿಡುತ್ತದೆ. ನಮ್ಮ ಯಂತ್ರದಲ್ಲಿ ಅದಕ್ಕೆ ಏಳು ನಿಮಿಷ ಬೇಕಾಯಿತು.

ಮೊದಲನೆಯದನ್ನು ತಟ್ಟೆಯಲ್ಲಿಟ್ಟೆ, ಐದು ನಿಮಿಷದಲ್ಲಿ ತನ್ನ ಬೆವರಿಗೆ ತಾನೇ ಮೆತ್ತಗಾಯಿತು. ಎರಡನೆಯದನ್ನು ಜಾಲರಿಯ ಮೇಲಿಟ್ಟೆ. ಮಗಳು ಕಚ್ಚಿದ ಸದ್ದು ಪಡಸಾಲೆಯಲ್ಲಿದ್ದ ಅತ್ತೆಯವರಿಗೂ ಕೇಳಿಸಿತು, ಅವರೂ ಒಂದು ಕೇಳಿದರು.

ಏಪ್ರಿಲ್ 13

ಇಂದು ಪೂರ್ವತಯಾರಿ. ಹತ್ತು ಮಕ್ಕಳಿಗೆ ಇಪ್ಪತ್ತು ವಾಫಲ್ ಬೇಕು. ಒಂದೊಂದಕ್ಕೆ ಏಳು ನಿಮಿಷವೆಂದರೆ ಎರಡು ಗಂಟೆ ಇಪ್ಪತ್ತು ನಿಮಿಷ, ಮಕ್ಕಳು ಅಷ್ಟು ಕಾಯುವುದಿಲ್ಲ. ಗೋಧಿಯಿಲ್ಲದ ತಿಂಡಿ ಆರಿದ ಮೇಲೆ ಬೇಗ ಬಿರುಸಾಗುತ್ತದೆ, ಹಿಂದಿನ ದಿನ ಮಾಡಿ ಹೊರಗಿಟ್ಟರೆ ಆಗದು. ಆದ್ದರಿಂದ ಕಳೆದ ಭಾನುವಾರವೇ ನಾಲ್ಕನ್ನು ಪೂರ್ತಿ ಆರಿಸಿ ಫ್ರೀಜರಿನಲ್ಲಿಟ್ಟಿದ್ದೆ. ಇಂದು ಅದೇ ಯಂತ್ರದಲ್ಲಿ ಎರಡು ನಿಮಿಷ ಬಿಸಿ ಮಾಡಿದೆ. ಹೊರಗೆ ಗರಿಗರಿ, ಒಳಗೆ ಮೃದು. ಬ್ರೆಡ್ ಸುಡುವ ಟೋಸ್ಟರಿಗೆ ಹಾಕುವಂತಿಲ್ಲ, ಅದರ ತುಂಬ ಗೋಧಿಯ ಚೂರು.

ಶುಕ್ರವಾರ ರಾತ್ರಿ ಉದ್ದು ನೆನೆಸಿ ಫ್ರಿಜ್ಜಿನಲ್ಲಿಡಬೇಕು. ಶನಿವಾರ ಬೆಳಿಗ್ಗೆ ಎಸರು ಹಾಕುವ ಕೆಲಸ ತಮ್ಮದು ಎಂದು ಅತ್ತೆಯವರು ಹೇಳಿದ್ದಾರೆ. ಮಗಳು ಆಮಂತ್ರಣದ ಚೀಟಿ ಬರೆಯುತ್ತಿದ್ದಾಳೆ. "ಊಟದ ಡಬ್ಬಿ ತರಬೇಡಿ, ಎಲ್ಲರಿಗೂ ಒಂದೇ ತಿಂಡಿ" ಎಂದು ಎಲ್ಲದರಲ್ಲೂ ಬರೆದಿದ್ದಾಳೆ.