ರಿಪೋರ್ಟಿನಲ್ಲಿ ಮಾರ್ಜಿನ್ ಎಷ್ಟಿದೆ?

ಶಿರಸಿ, ಸಿದ್ದಾಪುರದ ಕಡೆ ಕವಳದ (ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪಿನ) ಉಂಡೆಯನ್ನು ಗಂಟೆಗಟ್ಟಲೆ ಒತ್ತಿಟ್ಟುಕೊಳ್ಳುವ ಜಾಗದಲ್ಲೇ ಹೆಚ್ಚಾಗಿ ಬಾಯಿ ಕ್ಯಾನ್ಸರಿನ ಹುಣ್ಣು ಏಳುತ್ತದೆ: ಕೆನ್ನೆಯ ಒಳಮೈ, ಕೆಳವಸಡಿನ ಸಂದು. (ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಜಗಿದರೂ ಕ್ಯಾನ್ಸರ್ ಬರಬಹುದು. ಅಡಿಕೆ ಸೀಮೆಯಲ್ಲಿ ಇದನ್ನು ಹೇಳುವುದೇ ಕಷ್ಟ.)

ಆಪರೇಷನ್ ಆದಮೇಲೆ "ಗಡ್ಡೆ ಪೂರಾ ತೆಗೆದಿದ್ದಾರೆ" ಎಂದು ಸಮಾಧಾನಪಡುವ ಮೊದಲು ಹಿಸ್ಟೋಪೆಥಾಲಜಿ (ಕತ್ತರಿಸಿದ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆಯುವ) ರಿಪೋರ್ಟಿನಲ್ಲಿ ಮಾರ್ಜಿನ್ ನೋಡಿ. ಗಡ್ಡೆಯ ಅಂಚಿನಿಂದ ಕತ್ತರಿಸಿದ ಅಂಚಿನವರೆಗೆ ಇರುವ ಒಳ್ಳೆಯ ಮಾಂಸದ ಅಳತೆ ಅದು. 5 ಮಿ.ಮೀ. ಮತ್ತು ಮೇಲಿದ್ದರೆ ಕ್ಲಿಯರ್, 1ರಿಂದ 5ರೊಳಗೆ ಕ್ಲೋಸ್, 1ಕ್ಕಿಂತ ಕಡಿಮೆಯಾದರೆ ಪಾಸಿಟಿವ್ (ಗಡ್ಡೆ ಉಳಿದಿರಬಹುದು) ಎಂಬುದು ಸಾಮಾನ್ಯ ಲೆಕ್ಕ.

ಸರ್ಜನ್ ಸುತ್ತಲೂ 1 ಸೆಂ.ಮೀ. ಬಿಟ್ಟು ಕತ್ತರಿಸಿದರೂ ರಿಪೋರ್ಟಿನಲ್ಲಿ 6 ಮಿ.ಮೀ. ಎಂದು ಬರಬಹುದು. ಗಾಬರಿ ಬೇಡ. ಬಾಯಿಯ ಒಳಪೊರೆ, ಸ್ನಾಯು ಎರಡೂ ಕತ್ತರಿಸಿದ ಕೂಡಲೇ ಮುದುಡುತ್ತವೆ; ಕೆಡದಂತೆ ಅದ್ದಿಡುವ ಫಾರ್ಮಲಿನ್‌ನಲ್ಲಿ ಇನ್ನೂ ಸ್ವಲ್ಪ.

ಲೆಕ್ಕ ತಪ್ಪುವುದು ಹೆಚ್ಚಾಗಿ ಆಳದಲ್ಲಿ. ಮೇಲಿನ ಅಂಚು ಕಣ್ಣಿಗೆ ಕಾಣುತ್ತದೆ. ನಾಲಿಗೆಯ ಸ್ನಾಯುವಿನೊಳಗೆ ಗಡ್ಡೆ ಎಲ್ಲಿ ನಿಂತಿದೆ ಎಂಬುದಕ್ಕೆ ಸ್ಕ್ಯಾನು, ಬೆರಳಿನ ಅಂದಾಜು, ಇಷ್ಟೇ ಆಧಾರ. ಆದ್ದರಿಂದ ಡೀಪ್ ಮಾರ್ಜಿನ್ (ಆಳದ ಅಂಚು) ಬೇರೆಯಾಗಿ ಬರೆದಿದೆಯೇ ಕೇಳಿ. ಆಪರೇಷನ್ ನಡೆಯುವಾಗಲೇ ಫ್ರೋಜನ್ ಸೆಕ್ಷನ್ (ಚೂರನ್ನು ಹೆಪ್ಪುಗಟ್ಟಿಸಿ ಕೂಡಲೇ ನೋಡುವ ಪರೀಕ್ಷೆ) ಮಾಡಿಸಬಹುದು, ಆದರೆ ಅದು ಆರಿಸಿದ ಕೆಲವು ಚೂರುಗಳ ಸಾಕ್ಷಿ ಮಾತ್ರ. ದವಡೆ ಮೂಳೆಗಂತೂ ನಡೆಯದು. ಅದರ ಸುಣ್ಣದಂಶ ಕರಗಿಸಿ ಕೊಯ್ದು ನೋಡಲು ದಿನಗಳೇ ಬೇಕು.

ಪಾಸಿಟಿವ್ ಬಂದರೆ ಸಾಧ್ಯವಿದ್ದಲ್ಲಿ ಮತ್ತೆ ಕತ್ತರಿಸುತ್ತಾರೆ, ಇಲ್ಲವೇ ರೇಡಿಯೇಷನ್ ಜೊತೆ ಕೀಮೋ. ಕ್ಲೋಸ್ ಆದಾಗ ನರದ ಗುಂಟ ಹರಡಿದೆಯೇ, ಎಷ್ಟು ಆಳ ಇಳಿದಿದೆ, ಕುತ್ತಿಗೆಯ ಗಂಟುಗಳಿಗೆ ತಲುಪಿದೆಯೇ ಎಂಬುದನ್ನೆಲ್ಲ ಸೇರಿಸಿ ತೀರ್ಮಾನಿಸುತ್ತಾರೆ. ರೇಡಿಯೇಷನ್ ಆಪರೇಷನ್ನಿನ ಸುಮಾರು 6 ವಾರದೊಳಗೆ ಶುರುವಾಗಬೇಕು. ವಾರಕ್ಕೆ 5 ದಿನದಂತೆ ಸುಮಾರು 6 ವಾರ. ದಿನಾ ಹುಬ್ಬಳ್ಳಿಗೋ, ಘಟ್ಟ ಇಳಿದು ಕರಾವಳಿ ಹಿಡಿದು ಮಣಿಪಾಲಕ್ಕೋ ಓಡಾಡುವುದು ಆಗದ ಮಾತು. ಉಳಿಯುವ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ. ಹಾಳಾದ ಹಲ್ಲು ಕೀಳಿಸುವುದಿದ್ದರೆ ಅದೂ ರೇಡಿಯೇಷನ್ನಿಗೆ ಮೊದಲೇ ಆಗಲಿ, ಗಾಯ ಮಾಯಲು ಎರಡು ವಾರವಾದರೂ ಬೇಕು.

ಮಾರ್ಜಿನ್ ಕ್ಲಿಯರ್ ಇದ್ದವರಿಗೂ ಮರುಕಳಿಸುವುದುಂಟು: ವರ್ಷಗಟ್ಟಲೆ ಅದೇ ಕವಳ ಕಂಡ ಉಳಿದ ಒಳಪೊರೆ ಬಾಯಲ್ಲೇ ಇರುತ್ತದಲ್ಲ. ಮರುಕಳಿಕೆ ಬಹುಪಾಲು ಮೊದಲ 2 ವರ್ಷದೊಳಗೆ. ಹಾಗಾಗಿ ಮೊದಲ ವರ್ಷ 1ರಿಂದ 3 ತಿಂಗಳಿಗೊಮ್ಮೆ ತೋರಿಸಬೇಕು. ಹೊಲಿಗೆಯ ಹತ್ತಿರ ಮಾಯದ ಹುಣ್ಣು, ಅದೇ ಬದಿಯ ಕಿವಿನೋವು, ಬಾಯಿ ಮೊದಲಿಗಿಂತ ಕಡಿಮೆ ತೆರೆಯುವುದು, ಕುತ್ತಿಗೆಯಲ್ಲಿ ಹೊಸ ಗಂಟು ಕಂಡರೆ ಮುಂದಿನ ತಾರೀಕಿಗೆ ಕಾಯಬೇಡಿ. ಫ್ಲಾಪ್ (ಗಡ್ಡೆ ತೆಗೆದ ಜಾಗ ಮುಚ್ಚಲು ಬೇರೆಡೆಯಿಂದ ತಂದ ಮಾಂಸ) ಕೂರಿಸಿದ ಜಾಗದಲ್ಲಿ ಮೇಲೆ ಏನೂ ಕಾಣದೆ ಅಡಿಯಲ್ಲೇ ಬೆಳೆಯಬಹುದು. ಅಲ್ಲಿ ನೋವು ಹೆಚ್ಚಾದರೆ ಸ್ಕ್ಯಾನ್ ಬೇಕೇ ಎಂದು ಕೇಳಿ.