ಇಪ್ಪತ್ತು ಹನಿಗೆ ಒಂದು ಮಿಲಿ: ಅನುದಾನದ ಅರ್ಜಿ ತಿದ್ದಿದ ಶನಿವಾರ

ಹುಬ್ಬಳ್ಳಿ ವಿದ್ಯಾನಗರದ ಕೋಣೆಯಲ್ಲಿ ಆ ಶನಿವಾರ ಬೆಳಿಗ್ಗೆ ಮೇಜಿನ ಮೇಲೆ ಅರ್ಜಿಯ ಕರಡು, ಮೂರು ಬೇರೆ ಬೇರೆ ಕಂಪನಿಯ ಸಲೈನ್ ಸೆಟ್, 0.01 ಗ್ರಾಂವರೆಗೆ ತೂಗುವ ತಕ್ಕಡಿ, ಒಂದು ಬೀಕರು ಇದ್ದವು. ಸಲೈನ್ ಹನಿ ಎಣಿಸುವ ನಮ್ಮ ಸ್ಟಾರ್ಟಪ್‌ನ ಸಾಧನಕ್ಕಾಗಿ ರಾಜ್ಯ ಸರ್ಕಾರದ ಎಲಿವೇಟ್ ಅನುದಾನಕ್ಕೆ ಅರ್ಜಿ ಸಲ್ಲಿಸಲು ಎರಡೇ ದಿನ ಉಳಿದಿತ್ತು. 2017ರಲ್ಲಿ ಶುರುವಾದ ಈ ಯೋಜನೆಯಲ್ಲಿ ಆಯ್ಕೆಯಾದ ಸ್ಟಾರ್ಟಪ್‌ಗೆ 50 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಅದು ಸಾಲವಲ್ಲ, ಕಂಪನಿಯಲ್ಲಿ ಪಾಲನ್ನೂ ಕೇಳುವುದಿಲ್ಲ. ಆದರೆ ಹಣ ಬರುವುದು ಕಂತಿನಲ್ಲಿ, ಒಪ್ಪಿಕೊಂಡ ಕೆಲಸ ಮುಗಿದಂತೆಲ್ಲ. ಹಾಗಾಗಿ ಅರ್ಜಿಯಲ್ಲಿ ಬರೆದ ಪ್ರತಿ ಗುರಿಯೂ ಮುಂದೊಂದು ದಿನ ಸಾಬೀತು ಮಾಡಿ ತೋರಿಸಬೇಕಾದ ಮಾತು.

ಸಾಧನ ಚಿಕ್ಕದು. ಸಲೈನ್ ಸೆಟ್‌ನ ಹನಿ ಬೀಳುವ ಕೊಳವೆಗೆ ಕ್ಲಿಪ್ಪಿನಂತೆ ಸಿಕ್ಕಿಸುವುದು. ಒಂದು ಬದಿಯಲ್ಲಿ ಇನ್‌ಫ್ರಾರೆಡ್ ದೀಪ, ಎದುರು ಬದಿಯಲ್ಲಿ ಸೆನ್ಸರ್. ಹನಿ ಬಿದ್ದಾಗ ಬೆಳಕಿಗೆ ಅಡ್ಡವಾಗುತ್ತದೆ, ಎಣಿಕೆ ಆಗುತ್ತದೆ. ಹನಿ ನಿಂತರೆ ಅಥವಾ ಜೋರಾದರೆ ನರ್ಸ್ ಕೂರುವ ಮೇಜಿನ ಮೇಲೆ ಶಬ್ದ ಬರುತ್ತದೆ. ಸಲೈನ್ ನಿಂತರೆ ರಕ್ತನಾಳಕ್ಕೆ ಚುಚ್ಚಿಟ್ಟ ಸಣ್ಣ ನಳಿಕೆಯಲ್ಲಿ, ಅಂದರೆ ಕ್ಯಾನುಲಾದಲ್ಲಿ ರಕ್ತ ಹೆಪ್ಪುಗಟ್ಟಿ ಮತ್ತೆ ಚುಚ್ಚಬೇಕಾಗುತ್ತದೆ. ಚಿಕ್ಕ ಮಗುವಿಗೆ ಜೋರಾಗಿ ಹರಿದರೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯ. ರಾತ್ರಿ ಪಾಳಿಯಲ್ಲಿ ಒಬ್ಬರೇ ನರ್ಸ್ ಎಷ್ಟೋ ಹಾಸಿಗೆ ನೋಡಿಕೊಳ್ಳುವ ವಾರ್ಡಿಗೆ ಇದು ಬೇಕೇಬೇಕು.

ಕರಡಿನ ಎರಡನೇ ಪುಟದಲ್ಲಿ ‘ದೇಹಕ್ಕೆ ಹೋದ ದ್ರವದ ಪ್ರಮಾಣವನ್ನು ಶೇ. 2ರ ಒಳಗಿನ ವ್ಯತ್ಯಾಸದಲ್ಲಿ ತೋರಿಸುತ್ತದೆ’ ಎಂದಿತ್ತು. ಓದಿ ನೋಡಲು ಧಾರವಾಡದಿಂದ ಬಂದಿದ್ದ ಹಿರಿಯ ಬಯೋಮೆಡಿಕಲ್ ಎಂಜಿನಿಯರ್ ಅಲ್ಲೇ ಬೆರಳಿಟ್ಟರು. ಸಾಮಾನ್ಯ ಸೆಟ್‌ನಲ್ಲಿ 20 ಹನಿಗೆ 1 ಮಿಲಿ ಎನ್ನುತ್ತೇವೆ. ಸಲೈನ್ ಸೆಟ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8536-4 ಅದಕ್ಕೆ 0.1 ಮಿಲಿಯಷ್ಟು ಹೆಚ್ಚುಕಡಿಮೆ ಒಪ್ಪುತ್ತದೆ, ಅದೂ ಡಿಸ್ಟಿಲ್ಡ್ ವಾಟರ್‌ಗೆ. “ಸೆಟ್ಟೇ ಹತ್ತು ಪರ್ಸೆಂಟ್ ಹೆಚ್ಚುಕಡಿಮಿ ಇದ್ದಾಗ ನಿಮ್ಮ ಮಷಿನ್ ಎರಡು ಪರ್ಸೆಂಟ್ ಅಂತ ಹ್ಯಾಂಗ ಹೇಳತೈತ್ರಿ?”

ಮೂರೂ ಸೆಟ್ ಸ್ಟ್ಯಾಂಡಿಗೆ ತೂಗುಹಾಕಿ, ಒಂದೊಂದರಿಂದ ನೂರು ಹನಿ ಬೀಕರಿಗೆ ಬಿಟ್ಟು ತೂಗಿದೆವು. ಲೆಕ್ಕದ ಪ್ರಕಾರ 5 ಗ್ರಾಂ ಬರಬೇಕು. ಬಂದದ್ದು 4.72, 5.04, 5.31. ಯಾವ ಸೆಟ್ಟೂ ಕೆಟ್ಟದ್ದಲ್ಲ, ಮೂರೂ ಮಾನದಂಡದ ಒಳಗೇ ಇವೆ. ಡೆಕ್ಸ್‌ಟ್ರೋಸ್ ಹಾಕಿದರೆ, ವೇಗ ಬದಲಿಸಿದರೆ ಹನಿಯ ಗಾತ್ರ ಮತ್ತೆ ಬದಲಾಗುತ್ತದೆ. ಸೆನ್ಸರ್ ಎಷ್ಟೇ ಚೆನ್ನಾಗಿದ್ದರೂ ಆ ಶೇ. 2 ಎಂದೂ ಸಾಬೀತಾಗುತ್ತಿರಲಿಲ್ಲ, ಮೊದಲ ಕಂತಿನ ವರದಿಯಲ್ಲೇ ಯೋಜನೆ ಬಿದ್ದುಹೋಗುತ್ತಿತ್ತು.

ಮಕ್ಕಳ ವಾರ್ಡಿನ ಸಿಸ್ಟರ್ ಒಬ್ಬರಿಗೆ ಫೋನ್ ಹಚ್ಚಿ, ಪ್ರಮಾಣ ತೋರಿಸದಿದ್ದರೆ ನಡೆಯುತ್ತದೆಯೇ ಎಂದು ಕೇಳಿದೆವು. “ಎಷ್ಟು ಎಂ.ಎಲ್. ಹೋತು ಅನ್ನೋದು ಬಾಟ್ಲಿ ನೋಡಿದ್ರ ಗೊತ್ತಾಗತೈತ್ರೀ. ನಿಂತ್ರ ತಿಳೀಬೇಕು, ಜೋರಾದ್ರ ತಿಳೀಬೇಕು. ಅಷ್ಟು ಮಾಡ್ರಿ.” ಗುರಿ ಬದಲಾಯಿತು: ನೂರು ಹನಿಯಲ್ಲಿ ಒಂದಕ್ಕಿಂತ ಹೆಚ್ಚು ತಪ್ಪಬಾರದು, ಹನಿ ನಿಂತ 30 ಸೆಕೆಂಡಿನೊಳಗೆ ಕೂಗಬೇಕು. 500 ಮಿಲಿ ನಾಲ್ಕು ತಾಸಿನಲ್ಲಿ ಹೋಗಬೇಕೆಂದರೆ ನಿಮಿಷಕ್ಕೆ ಸುಮಾರು 42 ಹನಿ. ಆದ್ದರಿಂದ ನಿಮಿಷಕ್ಕೆ 10, 20, 42, 60, 100 ಹನಿಯ ವೇಗದಲ್ಲಿ, ಪ್ರತಿ ವೇಗಕ್ಕೆ 30 ಸಲ, ಮೂರೂ ಸೆಟ್‌ನಲ್ಲಿ ಪರೀಕ್ಷೆ. ಕೊಳವೆ ಓರೆಯಾದಾಗ, ಒಳಗೋಡೆಗೆ ಹನಿ ಅಂಟಿದಾಗ, ಕಿಟಕಿಯ ಬಿಸಿಲು ಸೆನ್ಸರ್ ಮೇಲೆ ಬಿದ್ದಾಗ ಎಣಿಕೆ ತಪ್ಪುತ್ತದೆ. ಆ ಮೂರನ್ನೂ ಬಚ್ಚಿಡದೆ ಪರೀಕ್ಷೆಯ ಕೋಷ್ಟಕದಲ್ಲೇ ಸೇರಿಸಿದೆವು. ವಿಷಯ ಬಲ್ಲ ತೀರ್ಪುಗಾರರು ಮೊದಲು ಹುಡುಕುವುದು ಅದನ್ನೇ.

ಕರಡಿನಲ್ಲಿ ಇನ್ನೊಂದು ಆಸೆಯೂ ಇತ್ತು: ಪುಟ್ಟ ಮೋಟಾರು ನಳಿಕೆಯನ್ನು ಒತ್ತಿ ವೇಗವನ್ನು ತಾನೇ ಸರಿಮಾಡುವುದು. ವೈದ್ಯಕೀಯ ಸಾಧನಗಳ ನಿಯಮಗಳು, 2017ರಲ್ಲಿ ಸಾಧನಗಳಿಗೆ ಅಪಾಯದ ಪ್ರಮಾಣ ನೋಡಿ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಿವೆ. ಎ, ಬಿ ವರ್ಗದ ತಯಾರಿಕೆಗೆ ಪರವಾನಗಿ ಕೊಡುವುದು ರಾಜ್ಯದ ಪ್ರಾಧಿಕಾರ, ಸಿ, ಡಿ ವರ್ಗಕ್ಕೆ ಕೇಂದ್ರದ್ದು. ಎಣಿಸಿ ಕೂಗುವ ಸಾಧನ ತಪ್ಪಿದರೆ ನರ್ಸ್ ಇದ್ದಾರೆ. ಹರಿವನ್ನೇ ಹಿಡಿತಕ್ಕೆ ತೆಗೆದುಕೊಳ್ಳುವ ಸಾಧನ ತಪ್ಪಿದರೆ ಪೆಟ್ಟು ನೇರವಾಗಿ ರೋಗಿಗೆ. ಅಪಾಯ ಏರಿದಂತೆ ವರ್ಗ, ಪರೀಕ್ಷೆ, ಖರ್ಚು ಎಲ್ಲವೂ ಏರುತ್ತವೆ. ಮೋಟಾರನ್ನು ಅರ್ಜಿಯಿಂದ ತೆಗೆದೆವು. ಇದು ಆ ದಿನದ ಅತ್ಯಂತ ಕಷ್ಟದ ನಿರ್ಧಾರ. ಈಗಲೂ ಅದು ಸರಿಯೇ ಎನಿಸುತ್ತದೆ.

ಮಧ್ಯಾಹ್ನದ ಮೇಲೆ ಬಜೆಟ್. ಮೊದಲು ಬರೆದದ್ದು 38 ಲಕ್ಷ. ಅದರಲ್ಲಿ 11 ಲಕ್ಷ ಬರೀ ಉಪಕರಣಕ್ಕೆ: ಥ್ರೀಡಿ ಪ್ರಿಂಟರ್, ಆಸಿಲೋಸ್ಕೋಪ್, ಇತ್ಯಾದಿ. ಗೋಕುಲ ರಸ್ತೆಯ ದೇಶಪಾಂಡೆ ಸ್ಟಾರ್ಟಪ್ಸ್‌ನಲ್ಲಿ ಮೂಲಮಾದರಿ ಮಾಡಿಕೊಳ್ಳುವ ಮೇಕರ್ಸ್ ಲ್ಯಾಬ್ ಇರುವ ಊರಿನಲ್ಲಿ ಅವನ್ನು ಸರ್ಕಾರದ ದುಡ್ಡಿನಲ್ಲಿ ಯಾಕೆ ಕೊಳ್ಳಬೇಕು ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. 2 ಲಕ್ಷ ಉಳಿಸಿ 9 ಲಕ್ಷ ಕಡಿದೆವು. ಮೋಟಾರಿನ 3 ಲಕ್ಷವೂ ಹೋಯಿತು. ಕಡಿಮೆ ಬರೆದದ್ದೂ ಇತ್ತು. ಲ್ಯಾಬ್ ಪರೀಕ್ಷೆಗೆ ಬರೆದ 6 ಲಕ್ಷದಲ್ಲಿ ಶೇ. 18ರ ಜಿಎಸ್‌ಟಿ ಸೇರಿರಲಿಲ್ಲ, ಅಂದರೆ 1 ಲಕ್ಷ 8 ಸಾವಿರ ಕೊರತೆ. ಪರೀಕ್ಷೆ ಒಂದೇ ಸಲಕ್ಕೆ ಪಾಸಾಗುತ್ತದೆ ಎಂದೂ ಲೆಕ್ಕ ಹಾಕಿದ್ದೆವು. ಸುತ್ತಲಿನ ಯಂತ್ರಗಳಿಗೆ ತೊಂದರೆ ಕೊಡದೆ, ಅವುಗಳಿಂದ ತೊಂದರೆಗೊಳಗಾಗದೆ ಸಾಧನ ನಡೆಯುತ್ತದೆಯೇ ಎಂದು ನೋಡುವ ವಿದ್ಯುತ್ಕಾಂತೀಯ ಹೊಂದಾಣಿಕೆ (ಇಎಂಸಿ) ಪರೀಕ್ಷೆಯಲ್ಲಿ ಮೊದಲ ಸರ್ಕ್ಯೂಟ್ ಬೋರ್ಡ್ ಫೇಲ್ ಆಗುವುದು ತೀರಾ ಸಾಮಾನ್ಯ. ಹೊಸ ಬೋರ್ಡ್ ಮತ್ತು ಎರಡನೇ ಸುತ್ತಿಗೆ ಎರಡೂವರೆ ಲಕ್ಷ ಸೇರಿಸಿದೆವು. ಒಟ್ಟು 29 ಲಕ್ಷ 58 ಸಾವಿರಕ್ಕೆ ನಿಂತಿತು.

ವಿದ್ಯುತ್ ಸುರಕ್ಷತೆಯ ವಿಷಯದಲ್ಲಿ ಒಂದು ಮಾತು. ಮೂಲಮಾದರಿ ಮೊಬೈಲ್ ಚಾರ್ಜರಿನಲ್ಲಿ ನಡೆಯುತ್ತಿತ್ತು. ವೈದ್ಯಕೀಯ ವಿದ್ಯುತ್ ಸಾಧನಗಳ ಸುರಕ್ಷತಾ ಮಾನದಂಡ ಐಇಸಿ 60601-1ರ ಪ್ರಕಾರ ಮುಟ್ಟಿದಾಗ ಹರಿಯುವ ಸೋರಿಕೆ ಕರೆಂಟು ಸಾಮಾನ್ಯ ಸ್ಥಿತಿಯಲ್ಲಿ 100 ಮೈಕ್ರೋಆಂಪ್ ದಾಟಬಾರದು, ಒಂದು ದೋಷ ಉಂಟಾದಾಗಲೂ 500 ದಾಟಬಾರದು. ಮನೆಬಳಕೆಯ ಚಾರ್ಜರನ್ನು ಈ ಮಾನದಂಡಕ್ಕೆಂದು ಮಾಡಿರುವುದಿಲ್ಲ. ಪ್ರಮಾಣಪತ್ರವಿರುವ ಮೆಡಿಕಲ್ ಗ್ರೇಡ್ ಅಡಾಪ್ಟರ್ ತುಸು ದುಬಾರಿ, ಆದರೆ ಪರೀಕ್ಷೆಯ ಅರ್ಧ ಭಾರ ಅದೇ ಹೊರುತ್ತದೆ.

ಕಾಲದ ಲೆಕ್ಕದಲ್ಲೇ ಎಲ್ಲಕ್ಕಿಂತ ದೊಡ್ಡ ತಪ್ಪು. ಕರಡಿನಲ್ಲಿ ಐದನೇ ತಿಂಗಳಿಗೇ ಸಾಧನ ರೋಗಿಯ ಬಳಿ ಇತ್ತು. ಅದಕ್ಕೂ ಮೊದಲು ಆಗಬೇಕಾದದ್ದನ್ನು ಗೋಡೆಯ ಮೇಲೆ ಚೀಟಿ ಹಚ್ಚಿ ಸಾಲಾಗಿಟ್ಟೆವು: ಪರೀಕ್ಷೆಗೆಂದು ಕೆಲವೇ ಸಾಧನ ತಯಾರಿಸಲೂ ಅದೇ 2017ರ ನಿಯಮಗಳ ಎಂಡಿ-12 ನಮೂನೆಯಲ್ಲಿ ಅರ್ಜಿ ಹಾಕಿ ಎಂಡಿ-13 ನಮೂನೆಯ ಪರವಾನಗಿ ಪಡೆಯಬೇಕು. ಲ್ಯಾಬಿನ ಸುರಕ್ಷತಾ ವರದಿ ಕೈಗೆ ಬರಬೇಕು. ರೋಗಿಗಳ ಮೇಲಿನ ಪ್ರಯೋಗ ಸರಿಯೇ ಎಂದು ನೋಡುವ ಆಸ್ಪತ್ರೆಯ ಎಥಿಕ್ಸ್ ಕಮಿಟಿ ಒಪ್ಪಬೇಕು. ಮೊದಲ ರೋಗಿಯನ್ನು ಸೇರಿಸುವ ಮೊದಲೇ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿ ಆಗಬೇಕು. ಎಥಿಕ್ಸ್ ಕಮಿಟಿ ದಿನಾ ಸೇರುವುದಿಲ್ಲ. ಒಂದು ಸಭೆಯಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಮುಂದಿನ ಸಭೆಗೇ. ರೋಗಿಯ ಒಪ್ಪಿಗೆ ಪತ್ರ ಅವರ ಕಡೆಯವರಿಗೆ ಅರ್ಥವಾಗದ ಕನ್ನಡದಲ್ಲಿದ್ದರೂ ವಾಪಸ್ ಬರುತ್ತದೆ, ಬರಲೂಬೇಕು. ರೋಗಿಗಳ ಹಂತ ಹನ್ನೊಂದನೇ ತಿಂಗಳಿಗೆ ಸರಿಯಿತು, ಯೋಜನೆಯ ಅವಧಿ 18 ತಿಂಗಳಾಯಿತು.

ಉಳಿದವು ಬೇಗ ಮುಗಿದವು. ಆಸ್ಪತ್ರೆಯ ಬೆಂಬಲ ಪತ್ರಕ್ಕೆ ಪರಿಚಯದ ವೈದ್ಯರ ಸಹಿ ಇತ್ತು. ಸಂಸ್ಥೆಯ ಪರವಾಗಿ ಸಹಿ ಮಾಡುವ ಅಧಿಕಾರ ಇರುವವರದ್ದೇ ಬೇಕೆಂದು ಬದಲಿಸಿದೆವು. ಪೇಟೆಂಟಿನ ತಾತ್ಕಾಲಿಕ ಅರ್ಜಿ ಮೊದಲೇ ಹಾಕಿದ್ದೆವು. ಅದರ ದಿನದಿಂದ 12 ತಿಂಗಳೊಳಗೆ ಪೂರ್ಣ ಅರ್ಜಿ ಹೋಗಬೇಕು, ಆ ತಾರೀಖು ಕೂಡ ಚೀಟಿಯಾಗಿ ಗೋಡೆಗೇರಿತು. ಅನುದಾನಕ್ಕೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ ಎಂದು ಸಿ.ಎ. ಸಾಹೇಬರು ಹೇಳಿದರು. ವೆಚ್ಚ ಬಳಕೆಯ ಪ್ರಮಾಣಪತ್ರ ಕೊಡುವಾಗ ಎಲ್ಲ ಬಿಲ್ಲೂ ಒಂದೇ ಕಡೆ ಸಿಗುತ್ತವೆ.

ಅರ್ಜಿ ಹೋದದ್ದು ಭಾನುವಾರ ಸಂಜೆ. ಸೋಮವಾರ ಬೆಳಿಗ್ಗೆ ಎಥಿಕ್ಸ್ ಕಮಿಟಿಗೆ ಕೊಡಬೇಕಾದ ರೋಗಿಯ ಒಪ್ಪಿಗೆ ಪತ್ರ ಬರೆಯಲು ಕೂತೆವು. ಅದನ್ನು ಬರೆಯಲು ಅನುದಾನ ಮಂಜೂರಾಗುವವರೆಗೆ ಕಾಯಬೇಕಾಗಿಲ್ಲ.